ಜೂನ್ ತಿಂಗಳ ಪೋಷಕಶಾಸನಗಳು: ಒಂದು ಸಂಶೋಧನಾತ್ಮಕ ವಿವೇಚನೆ

ದಾನಶಾಸನ, ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಲ್ಲು ಎಂದು ಶಾಸನಗಳನ್ನು ವಿಂಗಡಿಸಿ ನಮ್ಮ ವಿದ್ವಾಂಸರು ಕೈತೊಳೆದುಕೊಂಡು ಬಹಳ ಕಾಲವಾಯಿತು. ಪ್ರತಿ ವರ್ಷ ಮೇ ಕೊನೆಯಿಂದ ಜುಲೈವರೆಗೆ ಕರ್ನಾಟಕದ ಮನೆಮನೆಯಲ್ಲೂ ಹೊರಬೀಳುವ, ಸಂಖ್ಯೆಯಲ್ಲಿ ಇವೆಲ್ಲವನ್ನೂ ಮೀರಿಸುವ ಇನ್ನೊಂದು ವರ್ಗ ಮಾತ್ರ ಅವರ ಕಣ್ಣಿಗೆ ಬಿದ್ದೇ ಇಲ್ಲ. ಅದನ್ನು ಈ ಪ್ರಬಂಧದಲ್ಲಿ ಪೋಷಕಶಾಸನ ಎಂದು ಕರೆಯಲಾಗಿದೆ. 'ಪೋಷಕರ ಗಮನಕ್ಕೆ' ಎಂಬ ಮಂಗಳವಾಕ್ಯದಿಂದ ಮೊದಲಾಗಿ 'ತಪ್ಪಿದಲ್ಲಿ ಶಾಲೆ ಹೊಣೆಯಲ್ಲ' ಎಂಬ ಶಾಪಾಶಯದಲ್ಲಿ ಮುಗಿಯುವುದು ಇದರ ಲಕ್ಷಣ. ಹಲ್ಮಿಡಿಯ ಶಾಸನವೂ ಹದಿನಾರು ಸಾಲುಗಳೊಳಗೆ ದಾನದ ವಿಷಯ ಹೇಳಿ, ಕೆಡಿಸಿದವರಿಗೆ ಮಹಾಪಾತಕ ಅಂಟಿಸಿಯೇ ಮುಗಿಯುತ್ತದೆ. ಅಂದಮೇಲೆ ನಮ್ಮ ತರಗತಿ ಟೀಚರಮ್ಮನದು ಹದಿನೈದು ಶತಮಾನಗಳ ಪರಂಪರೆ.

ಶಾಲೆಗೂ ಶಾಸನಕ್ಕೂ ಏನು ಸಂಬಂಧ ಎಂದು ಕೇಳುವವರು ಬಿ. ಎಲ್. ರೈಸರನ್ನು ನೆನೆಯಬೇಕು. ಬೆಂಗಳೂರಿನಲ್ಲೇ ಹುಟ್ಟಿದ ಈ ಮಹನೀಯರು ಮೊದಲು ಮೇಷ್ಟ್ರಾಗಿ, ಆಮೇಲೆ ಶಾಲಾ ಇನ್‌ಸ್ಪೆಕ್ಟರಾಗಿ ಮೈಸೂರು ಸೀಮೆಯಲ್ಲಿ ಊರೂರು ಸುತ್ತುತ್ತಿದ್ದಾಗ ಕಲ್ಲುಬರಹಗಳ ಬೆನ್ನು ಹತ್ತಿದರು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳು ಹುಟ್ಟಿದ್ದು ಹೀಗೆ. ಶಾಲೆಯ ವ್ಯವಹಾರಕ್ಕೆ ತಲೆ ಹಾಕಿದವರು ಕೊನೆಗೆ ಅರ್ಥವಾಗದ ಬರಹಗಳನ್ನು ಓದುತ್ತ ಕೂರಬೇಕಾಗುತ್ತದೆ ಎಂಬ ನಿಯಮಕ್ಕೆ ರೈಸರೇ ಮೊದಲ ನಿದರ್ಶನ. ಎರಡನೆಯ ನಿದರ್ಶನ ಈ ನಾಡಿನ ಸಮಸ್ತ ತಂದೆತಾಯಿಗಳು.

ಇನ್ನು ಧರ್ಮಶಾಸ್ತ್ರದ ಆಧಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತ, ಪೋಷಕರ ಸಭೆಯನ್ನು ನಿಯತವಾಗಿ ಕರೆದು ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಮತ್ತು ಸಂಬಂಧಪಟ್ಟ ಇತರ ಮಾಹಿತಿಯನ್ನು ತಿಳಿಸಬೇಕು ಎನ್ನುತ್ತದೆ. ಮೊದಲ ಮೂರರಲ್ಲಿ ವಿವಾದವಿಲ್ಲ. ಅವನ್ನು ಯಾರೂ ಮುಟ್ಟಲು ಹೋಗದಿರುವುದರಿಂದ ವಿವಾದಕ್ಕೆ ಆಸ್ಪದವೇ ಬಂದಿಲ್ಲ. ಮೀಮಾಂಸೆಯೆಲ್ಲ ನಡೆದಿರುವುದು 'ಇತರ'ದ ಮೇಲೆ. ಬ್ರೌನ್ ಪೇಪರ್ ಇತರ, ಲೇಬಲ್ ಇತರ, ಎರಡನೇ ಕಂತಿನ ಫೀಸು ಇತರ, ಉಗುರು ಇತರ, ಶನಿವಾರದ ಬಿಳಿ ಶೂ ಪರಮ ಇತರ. ಜೂನ್ ತಿಂಗಳ ಪೋಷಕಶಾಸನಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಓದಿದರೆ ತರಗತಿಯೆಂಬುದು ಶೂ, ಸಾಕ್ಸ್, ಟೈ, ಬೆಲ್ಟುಗಳು ಬಂದು ಕುಳಿತು ಹೋಗುವ ಜಾಗವೆಂದೂ, ಅವುಗಳ ಜೊತೆಗೆ ಒಂದು ಮಗುವನ್ನೂ ಕಳಿಸಿದರೆ ಅಡ್ಡಿಯಿಲ್ಲವೆಂದೂ ಸಿದ್ಧವಾಗುತ್ತದೆ.

ಒಂದು ಮಾದರಿಯನ್ನು ಹತ್ತಿರದಿಂದ ನೋಡೋಣ. ಶಾಲೆಯ ಹೆಸರು ಬೇಡ, ಕಾಲ ಜೂನ್ ಎರಡನೇ ವಾರ, ಲಿಪಿ ಕನ್ನಡ, ಬರೆದವನು, ತರಗತಿ ಟೀಚರು ಬೋರ್ಡಿನ ಮೇಲೆ ಹಾಕಿದ್ದನ್ನು ನೋಡಿ ನಕಲು ಮಾಡಿದ ನಾಲ್ಕನೇ ತರಗತಿಯ ಲಿಪಿಕಾರ.

'ಪೋಷಕರ ಗಮನಕ್ಕೆ. ಸೋಮವಾರದಿಂದ ಎಲ್ಲಾ ಮಕ್ಕಳೂ ಕಡ್ಡಾಯವಾಗಿ [ಇಲ್ಲಿ ಸಾಂಬಾರು ಬಿದ್ದಿದೆ] ತರತಕ್ಕದ್ದು. ಪುಸ್ತಕಗಳಿಗೆ ಬೈಂಡ್ ಹಾಕಿ ಹೆಸರು [ಹಾಳೆ ಹರಿದಿದೆ] ಇಲ್ಲದಿದ್ದರೆ ಒಳಗೆ ಸೇರಿಸುವುದಿಲ್ಲ.'

ಸಾಂಬಾರಿನಡಿ ಲುಪ್ತವಾದ ಪದದ ಬಗ್ಗೆ ಅಂದು ರಾತ್ರಿ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ನಡೆದ ವಿದ್ವತ್ ಚರ್ಚೆ ಹನ್ನೊಂದೂವರೆವರೆಗೆ ಮುಂದುವರಿಯಿತು. ಒಂದು ಪಂಥ ಕರವಸ್ತ್ರ ಎಂದಿತು. ಇನ್ನೊಂದು ಪಂಥ ಆಧಾರ್ ಜೆರಾಕ್ಸ್ ಎಂದು ಪಟ್ಟು ಹಿಡಿಯಿತು. ಮೂರನೆಯವರೊಬ್ಬರು ಹಿರಿಮಗಳ ಕಾಲದ ಆಧಾರ ಕೊಟ್ಟು ಸ್ಟೀಲ್ ತಟ್ಟೆ ಎಂದು ಪ್ರತಿಪಾದಿಸಿದರು. ಮಕ್ಕಳು ಸೋಮವಾರ ಕರವಸ್ತ್ರದಲ್ಲಿ ತಟ್ಟೆ ಸುತ್ತಿ, ಅದರೊಳಗೆ ಆಧಾರ್ ಇಟ್ಟುಕೊಂಡು ಹೋದರು. ಬೇಕಾಗಿದ್ದುದು ಪಾಸ್‌ಪೋರ್ಟ್ ಸೈಜಿನ ಎರಡು ಫೋಟೊ.

ಇಂಥ ಗುಂಪುಗಳು ತರಗತಿಗೆ ಎರಡಿರುತ್ತವೆ ಎಂಬುದು ಕ್ಷೇತ್ರಕಾರ್ಯದಿಂದ ತಿಳಿದುಬಂದ ಸಂಗತಿ. ಟೀಚರು ಇರುವುದೊಂದು, ಇಲ್ಲದ್ದೊಂದು. ಮೊದಲನೆಯದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು, ಅದು ರಾಜಶಾಸನ. ಕೆಲವು ಉದಾರ ಪ್ರಭುಗಳು ಪ್ರಜೆಗಳಿಗೂ ಬರೆಯಲು ಬಿಡುತ್ತಾರೆ. ಅಲ್ಲಿ ಪ್ರತಿ ಸಂದೇಶದ ಕೆಳಗೆ 'ಓಕೆ ಮ್ಯಾಮ್' ಮತ್ತು ಕೈಮುಗಿದ ಚಿತ್ರಗಳ ಸಾಲು. ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತುತ್ತಿದ್ದುದು ಅವರಿಬ್ಬರೂ ಇರುವಷ್ಟು ಕಾಲ ಈ ದಾನ ನಡೆಯಲಿ ಎಂಬ ಆಶಯದಿಂದ. ಕೈಮುಗಿದ ಚಿತ್ರದ ಆಶಯ, ಟೀಚರ ಮಾತನ್ನು ಇನ್ನೂ ಓದಿಲ್ಲ, ಆದರೆ ವಿರೋಧವಿಲ್ಲ ಎಂಬುದು. 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲಷ್ಟೇ ಉಳಿದ ಉಜ್ಜಿದ ಶಾಸನಗಳೂ ಇವೆ. ಅವುಗಳಲ್ಲಿ ಏನಿತ್ತೆಂಬುದು ಎರಡನೇ ಗುಂಪಿನಲ್ಲಿ ಚಿತ್ರಸಮೇತ ಸಿಗುತ್ತದೆ.

ಕೂಟಶಾಸನಗಳ ಪ್ರಶ್ನೆ ಜಟಿಲವಾದದ್ದು. ಗಂಗರ ತಾಮ್ರಪಟಗಳಲ್ಲಿ ಹಲವು ಖೋಟಾ ಎಂದು ಶಾಸನತಜ್ಞ ಫ್ಲೀಟರು ಸಾರಿದರು, ರೈಸರು ಒಪ್ಪಲಿಲ್ಲ. ಅದೇ ವಾದ ಈಗ ಊಟದ ಮೇಜಿನ ಮೇಲೆ ನಡೆಯುತ್ತದೆ. ಡೈರಿಯ ಒಂದು ಪುಟದಲ್ಲಿ 'ತರಗತಿಯಲ್ಲಿ ಅತಿಯಾಗಿ ಮಾತಾಡುತ್ತಾನೆ' ಎಂದು ಕೆಂಪು ಮಸಿಯ ಬರಹ, ಅದರಡಿ ತಂದೆಯ ಸಹಿ. ತಾಯಿ ಫ್ಲೀಟ್ ಪಕ್ಷ. ಆಕೆಯ ಪ್ರಮಾಣಗಳು: ಸಹಿಯ ಕೆಳಗಿನ ಗೀಟನ್ನು ಸ್ಕೇಲಿಟ್ಟು ಎಳೆಯಲಾಗಿದೆ, ತಂದೆ ಎಂದೂ ತಾರೀಖು ಹಾಕಿದವರಲ್ಲ, ಇಲ್ಲಿ ತಾರೀಖಿದೆ, ಅದೂ ಸರಿಯಾಗಿದೆ. ತಂದೆ ರೈಸ್ ಪಕ್ಷ. ತಾನು ಸಹಿ ಹಾಕಿದ್ದು ನೆನಪಿದೆ ಎಂದು ಸುಳ್ಳು ಹೇಳುವುದು, ನೆನಪಿಲ್ಲ ಎಂದು ಒಪ್ಪಿ ಇಷ್ಟು ದಿನ ಡೈರಿಯನ್ನೇ ನೋಡಿಲ್ಲ ಎಂದು ಸಿಕ್ಕಿಬೀಳುವುದಕ್ಕಿಂತ ಮೇಲು ಎಂಬುದು ಆತನ ನಿಲುವಿನ ಗುಟ್ಟು.

ಕರಾವಳಿ ಮತ್ತು ಮಲೆನಾಡಿನಲ್ಲಿ ಇನ್ನೊಂದು ಬಗೆಯ ಕೂಟಶಾಸನ ಸಿಗುತ್ತದೆ. ಮಳೆ ಜೋರಾದ ರಾತ್ರಿ ಜಿಲ್ಲಾಧಿಕಾರಿಯವರ ರಜೆಯ ಆದೇಶಕ್ಕೆ ಇಡೀ ಜಿಲ್ಲೆಯೇ ಕಾಯುತ್ತಿರುವಾಗ, ಹಿಂದಿನ ಯಾವುದೋ ವರ್ಷದ ಆದೇಶ ತಾರೀಖು ತಿದ್ದಿಕೊಂಡು ಬಂದುಬಿಡುತ್ತದೆ. 'ಟೀಚರ್, ನಾಳೆ ರಜೆ ಉಂಟಾ?' ಎಂಬ ಪ್ರಶ್ನೆಗೆ ಟೀಚರು ಕೊಡುವ 'ನನಗೂ ಗೊತ್ತಿಲ್ಲ, ಡಿಸಿ ಹೇಳ್ಬೇಕಷ್ಟೆ' ಎಂಬ ಉತ್ತರ, ಈ ಪ್ರಬಂಧಕಾರನ ಅಭಿಪ್ರಾಯದಲ್ಲಿ, ಇಡೀ ವಾಙ್ಮಯದಲ್ಲೇ ಅತ್ಯಂತ ಪ್ರಾಮಾಣಿಕವಾದ ಪೋಷಕಶಾಸನ.

ಲಿಖಿತ ಆಕರಗಳು ಕೈಕೊಟ್ಟಾಗ ಸಂಶೋಧಕ ಮೌಖಿಕ ಪರಂಪರೆಗೆ ಹೊರಳುತ್ತಾನೆ. ಇಲ್ಲಿ ಪ್ರತ್ಯಕ್ಷದರ್ಶಿ ಒಬ್ಬನೇ. ಸಂಜೆ ನಾಲ್ಕಕ್ಕೆ ಗೇಟಿನ ಬಳಿ ಸಿಗುತ್ತಾನೆ.

'ಇವತ್ತು ಏನಾಯ್ತೋ ಸ್ಕೂಲಲ್ಲಿ?'

'ಏನಿಲ್ಲ.'

'ಏನು ಹೇಳ್ಕೊಟ್ರು?'

'ಏನೋ.'

'ಪಕ್ಕದಲ್ಲಿ ಯಾರು ಕೂತ್ಕೋತಾರೆ?'

'ಅವನೇ, ಅಮ್ಮಾ.'

'ಅವನೇ ಅಂದ್ರೆ?'

'ಉದ್ದಕ್ಕಿದಾನಲ್ಲ, ಅವನು.'

ಇಷ್ಟರಿಂದ ಆಕರ ಬರಡು ಎಂದು ತೀರ್ಮಾನಿಸಬಾರದು. ಇದೇ ಮಾಹಿತಿದಾರ ಮೂರನೇ ಬೆಂಚಿನ ಹುಡುಗ ಗಣಿತದ ಪೀರಿಯಡ್ಡಿನಲ್ಲಿ ವಾಂತಿ ಮಾಡಿಕೊಂಡ ಪ್ರಕರಣವನ್ನು ಹೊತ್ತು, ಬಣ್ಣ, ವಿಸ್ತಾರ, ಅದರ ಮೇಲೆ ಮರಳು ಹಾಕಿದ ಆಯಾಳ ಮಾತು, ಎಲ್ಲವನ್ನೂ ಸೇರಿಸಿ ರಾತ್ರಿ ಊಟದ ಹೊತ್ತಿಗೆ ನಿಖರವಾಗಿ ವರದಿ ಮಾಡಬಲ್ಲ. ದೀಪ ಆರಿಸಿದ ಮೇಲೆ, ನಾಳೆ ಹಸಿರು ಚಾರ್ಟ್ ಶೀಟ್ ತರಬೇಕಂತೆ ಎಂಬ ಪ್ರಕ್ಷಿಪ್ತ ಭಾಗವೂ ಬರುತ್ತದೆ. ಪೆನ್ಸಿಲ್ ಅಂಗಡಿಯವನು ಅಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತಾನೆ.

ನಿಜವಾಗಿ ಹೇಳಬೇಕಾದ ಸಾಮಗ್ರಿ ಶಾಲೆಯಲ್ಲಿ ಇಲ್ಲವೇ? ಬೇಕಾದಷ್ಟಿದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ವರ್ಷ ಶುರುವಾಗುವುದೇ ಸೇತುಬಂಧದಿಂದ. ಹೋದ ವರ್ಷದ್ದರಲ್ಲಿ ಎಷ್ಟು ಉಳಿದಿದೆ, ಯಾರಿಗೆ ಕಳೆಯುವ ಲೆಕ್ಕ ಬರುವುದಿಲ್ಲ, ಯಾರು ಒತ್ತಕ್ಷರದ ಬಳಿ ನಿಂತುಬಿಡುತ್ತಾರೆ ಎಂದು ನೈದಾನಿಕ ಪರೀಕ್ಷೆಯಲ್ಲಿ ನೋಡಿ, ಕಲಿಸಿ, ಕೊನೆಗೆ ಸಾಫಲ್ಯ ಪರೀಕ್ಷೆ ಮಾಡುತ್ತಾರೆ. ಜೂನ್ ಮುಗಿಯುವ ಹೊತ್ತಿಗೆ ಆ ತರಗತಿಯ ಪ್ರತಿ ಮಗುವಿನ ಅಂತರಂಗ ಮೇಷ್ಟ್ರ ಫೈಲಿನಲ್ಲಿ ಗೀಟು ಹಾಕಿಕೊಂಡು ಕೂತಿರುತ್ತದೆ. ಕಾಯ್ದೆ ಹೇಳಿದ ಎರಡನೇ ಬಾಬ್ತು ಇದೇ. ಆದರೆ ಕಾಗದಕ್ಕೆ ಮೇಲಕ್ಕೆ ಹೋಗುವ ಅಭ್ಯಾಸ. ಅದು ಕ್ಲಸ್ಟರಿಗೆ ಹೋಗುತ್ತದೆ, ಬಿಇಒ ಆಫೀಸಿಗೆ ಹೋಗುತ್ತದೆ. ಶಾಲೆಯ ಹಿಂದಿನ ಬೀದಿಯಲ್ಲೇ ಇರುವ ಆ ಮಗುವಿನ ಮನೆಗೆ ಮಾತ್ರ ಹೋಗುವುದಿಲ್ಲ.

ಹಳ್ಳಿಯಲ್ಲಿ ಈ ಕೊರತೆಯನ್ನು ಬಸ್ ಸ್ಟ್ಯಾಂಡು ತುಂಬಿಕೊಡುತ್ತದೆ ಎಂಬುದನ್ನು ದಾಖಲಿಸಬೇಕು. ಎಸ್‌ಡಿಎಂಸಿ ಎಂಬ ಶಾಲಾ ಸಮಿತಿ ಇದೆ, ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಪಾಲು ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಸಭೆಯಲ್ಲಿ ಕಾಂಪೌಂಡು, ನಲ್ಲಿ, ಬಿಸಿಯೂಟದ ಅಡುಗೆಮನೆಯ ಶೀಟು ಚರ್ಚೆಯಾಗುತ್ತವೆ. ಮಗುವಿನ ಚರ್ಚೆ ಆಗುವುದು ಬಸ್ಸು ತಡವಾದಾಗ. 'ಮೇಷ್ಟ್ರೇ, ನಮ್ಮುಡುಗ ಹೆಂಗೆ?' 'ಬುದ್ಧಿವಂತನೇ ಕಣಮ್ಮ. ಮಗ್ಗಿ ಮರ್ತಿದಾನೆ. ಸ್ವಲ್ಪ ದಿನ ಸಾಯಂಕಾಲ ಕೂರಿಸ್ಕೊಂಡು ಹೇಳ್ಸು.' ಅಷ್ಟರಲ್ಲಿ ಬಸ್ಸು ಬಂತು. 24ನೇ ಕಲಮು ಅಕ್ಷರಶಃ ಪಾಲನೆಯಾಯಿತು, ಯಾವ ರಿಜಿಸ್ಟರಿನಲ್ಲೂ ದಾಖಲಾಗಲಿಲ್ಲ.

ಕೊನೆಯಲ್ಲಿ, ಇತ್ತೀಚೆಗೆ ದೊರೆತ ಒಂದು ಅಪೂರ್ವ ಶಾಸನವನ್ನು ವಿದ್ವಾಂಸರ ಮುಂದಿಡಬೇಕು. ನಗರದ ಶಾಲೆಯೊಂದರಲ್ಲಿ ಹೊಸದಾಗಿ ಸೇರಿದ ಟೀಚರೊಬ್ಬರು ಶುಕ್ರವಾರ ಸಂಜೆ ಗುಂಪಿಗೆ ಹೀಗೆ ಬರೆದರು: 'ಈ ವಾರ ಮಕ್ಕಳು ಮಳೆನೀರು ಅಳೆದರು. ಬಾಟಲಿಗೆ ಅವರೇ ಸ್ಕೇಲ್ ಅಂಟಿಸಿದ್ದು. ದಶಮಾಂಶ ಇನ್ನೂ ಅರ್ಧ ಜನಕ್ಕೆ ಕಷ್ಟ, ಸೋಮವಾರ ಮತ್ತೆ ಮಾಡ್ತೀವಿ. ಹೊಸದಾಗಿ ಬಂದ ಇಬ್ಬರು ಮಕ್ಕಳು ಮೊದಲ ವಾರ ಒಬ್ಬೊಬ್ಬರೇ ಊಟಕ್ಕೆ ಕೂರ್ತಿದ್ರು, ಈಗ ಎಲ್ಲರ ಜೊತೆ ಕೂರ್ತಾರೆ. ಬಾಟಲಿಯಲ್ಲಿ ನೀರು ಎಷ್ಟು ಬಂತು ಅಂತ ಮನೆಯಲ್ಲಿ ಕೇಳಿ ನೋಡಿ, ಹೇಳ್ತಾರೆ.'

ಮಂಗಳವಾಕ್ಯವಿಲ್ಲ, ಶಾಪಾಶಯವಿಲ್ಲ, ಶೂ ಇಲ್ಲ, ಫೀಸಿಲ್ಲ. ಹಾಜರಿಯೊಂದನ್ನು ಬಿಟ್ಟರೆ ಕಾಯ್ದೆಯ ಬಾಬ್ತುಗಳೆಲ್ಲ ಆರು ಸಾಲಿನೊಳಗೆ. ಶೈಲಿಯ ಆಧಾರದಿಂದ ಇದು ಖೋಟಾ ಇರಬೇಕೆಂದು ಮೊದಲು ಶಂಕಿಸಲಾಯಿತು. ಗುಂಪಿನ ಸದಸ್ಯರೆಲ್ಲರೂ ಓದಿದ್ದಕ್ಕೆ ನೀಲಿ ಗುರುತಿನ ಸಾಕ್ಷಿಯಿದೆ. ನಾಲ್ಕು ನಿಮಿಷ ಯಾರೂ ಏನೂ ಬರೆಯಲಿಲ್ಲ. ಐದನೇ ನಿಮಿಷಕ್ಕೆ ಒಬ್ಬ ತಂದೆಯ ಉತ್ತರ ಬಂತು.

'ಥ್ಯಾಂಕ್ಯೂ ಮ್ಯಾಮ್. ನಾಳೆ ಬಿಳಿ ಶೂನಾ, ಕಪ್ಪು ಶೂನಾ?'