ವಧಮೀಮಾಂಸೆ, ಅಥವಾ ಸಂಗ್ಯಾನು ಮೇಲಿಂದ ಮೇಲೆ ಸಾಯುವುದೇಕೆ

1978ರಲ್ಲಿ ಜಾನ್ ಕಾರ್ಪೆಂಟರ್ ಎಂಬ ಅಮೆರಿಕದ ನಿರ್ದೇಶಕನು ‘ಹ್ಯಾಲೋವೀನ್’ ಚಿತ್ರವನ್ನು ತೆಗೆದು, ಬಿಳಿಯ ಮುಖವಾಡದ ಮೈಕೆಲ್ ಮೈಯರ್ಸ್ ಎಂಬಾತನ ಕೈಗೆ ಅಡುಗೆಮನೆಯ ಚೂರಿಯನ್ನಿತ್ತು, ಲೋಕಕ್ಕೊಂದು ನೂತನ ಭಯಾನಕವನ್ನು ಕರುಣಿಸಿದನೆಂದು ಪಾಶ್ಚಾತ್ಯ ಪಂಡಿತರು ಸಾರುತ್ತ ಬಂದಿರುವರಷ್ಟೆ. ಆದರೆ ಘಟಪ್ರಭೆಯ ದಂಡೆಯಲ್ಲಿ ಇರುಳೆಲ್ಲ ಕಂಬಳಿ ಹೊದ್ದು ಕುಳಿತು ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ನೋಡಿದ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಪ್ರಾಜ್ಞರು ಈ ವಾದವನ್ನು ಒಪ್ಪಲಾರರು.

ಬೈಲಹೊಂಗಲದಲ್ಲಿ ನಡೆಯಿತೆನ್ನಲಾದ ಕೊಲೆಯೊಂದರ ಮೇಲೆ ಕಟ್ಟಿದ ಈ ಆಟದಲ್ಲಿ ಸಂಗ್ಯಾನು ಈರ್ಯಾನ ಮಡದಿ ಗಂಗಿಗೆ ಮನಸೋಲುವುದೂ, ಗೆಳೆಯ ಬಾಳ್ಯಾನು ಎರಡು ಬಗೆಯುವುದೂ, ಸಂಗ್ಯಾನು ಹತನಾಗುವುದೂ ಹಾಲುಗಲ್ಲದ ಕೂಸಿಗೂ ವಿದಿತವಾದ ವಿಷಯ; ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ಇದೇ ಕಥೆಯನ್ನು ಹೊಸ ರಂಗಭೂಮಿಗೆ ತಂದ ಮೇಲಂತೂ ಪಟ್ಟಣಿಗರಿಗೂ ವಿದಿತ. ಆದರೂ ಜನ ಕಾಯುವರು. ಕಾದು, “ಏ ಸಂಗ್ಯಾ, ಹೋಗಬ್ಯಾಡೋ ಖೋಡಿ!” ಎಂದು ಒದರುವರು. ಆತನು ಹೋಗಿಯೇ ತೀರುವನು. ಅತ್ತ ‘ಹ್ಯಾಲೋವೀನ್’ನಲ್ಲಿ ಲಾರಿ ಎಂಬ ಕನ್ಯೆಯೂ ಕೊಲೆಗಡುಕನು ಸತ್ತನೆಂದು ಬಗೆದು, ಕೈಸೇರಿದ ಚೂರಿಯನ್ನು ಕೆಳಗೆ ಬಿಟ್ಟು, ಆತನಿಗೇ ಬೆನ್ನು ತಿರುಗಿಸಿ ಕುಳಿತುಕೊಳ್ಳುವಳು. ಅಲ್ಲಿಯ ಟಾಕೀಜಿನ ಮಂದಿಯೂ ಒದರಿದರು, ಆಕೆಗೂ ಕೇಳಿಸಲಿಲ್ಲ. ಬಲ್ಲ ಪ್ರೇಕ್ಷಕ, ಅರಿಯದ ಪಾತ್ರ: ಈ ಸಾಮಗ್ರಿಯಿಂದಲೇ ರಸನಿಷ್ಪತ್ತಿಯಾಗುವುದೆಂದೂ, ಆಕಸ್ಮಿಕವೆಂಬುದು ಒಮ್ಮೆ ಮಾತ್ರ ನೋಡುವ ಬಡಪಾಯಿಗಳ ಭೋಗವೆಂದೂ ನಮ್ಮ ಸಿದ್ಧಾಂತ.

ಇಲ್ಲಿ ಪೂರ್ವಪಕ್ಷಿಯು ಕೇಳಬಹುದು: ಭರತಮುನಿಯು ಭಯಾನಕಕ್ಕೆ ಕೃಷ್ಣವರ್ಣವನ್ನು ವಿಧಿಸಿರಲಾಗಿ, ಮೈಯರ್ಸ್‌ನ ಮೋರೆಯು ಸುಣ್ಣ ಬಳಿದಂತೆ ಬೆಳ್ಳಗಿರುವುದು ಶಾಸ್ತ್ರವಿರೋಧವಲ್ಲವೆ? ಅಲ್ಲ. ಚಿತ್ರದವರ ಬಳಿ ದುಡ್ಡಿರಲಿಲ್ಲ; ಅಂಗಡಿಯಲ್ಲಿ ಅಗ್ಗಕ್ಕೆ ದೊರೆತ, ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನ ರಬ್ಬರು ಮೋರೆಯೊಂದಕ್ಕೆ ಬಿಳಿಬಣ್ಣ ಹೊಡೆದರು. ಅದು ರಸವರ್ಣವಲ್ಲ, ದಾರಿದ್ರ್ಯವರ್ಣ. ಇದನ್ನು ವಿಭಾವಗಳಲ್ಲಿ ಎಣಿಸದಿರುವುದು ಆಲಂಕಾರಿಕರ ಮಹಾಲೋಪ. ಸಂಗೀತವನ್ನೂ ನಿರ್ದೇಶಕನೇ ರಚಿಸಿದನು. ಐದು ಮಾತ್ರೆಯ ಆ ಪಿಯಾನೋ ನಾದವನ್ನು ನಮ್ಮ ಪೇಟಿ ಮಾಸ್ತರರು ಕೇಳಿದರೆ, ಇದು ಝಪತಾಲದ ಅರ್ಧವೆಂದು ಒಡನೆಯೇ ಗುರುತಿಸಿ, ತಿಹಾಯಿ ಎಲ್ಲಿ ಎಂದು ಸಿಡಿಮಿಡಿಗೊಳ್ಳುವುದು ನಿಶ್ಚಯ. ತಿಹಾಯಿ ಬಾರದಿರುವುದರಿಂದಲೇ ಎದೆ ನಡುಗುವುದೆಂದು ಅವರಿಗೆ ಹೇಳುವ ಧೈರ್ಯ ಯಾರಿಗುಂಟು?

ಭೇದವಿರುವುದು ಮರಣದಲ್ಲಿ. ಮೈಯರ್ಸ್‌ನು ಆರು ಗುಂಡು ತಿಂದು, ಮಹಡಿಯಿಂದ ಬಿದ್ದು, ಕ್ಷಣಾರ್ಧದಲ್ಲಿ ಕಾಣೆಯಾದನು. 2022ರ ಹೊತ್ತಿಗೆ ಆ ಸರಣಿಯ ಚಿತ್ರಗಳು 13 ಆದುವು, ಮೂರನೆಯದರಲ್ಲಿ ಮಾತ್ರ ಆತನು, ಪ್ರಾಯಶಃ ದಣಿದು, ರಜೆ ಪಡೆದನು. ಸಂಗ್ಯಾನಾದರೋ ಪ್ರಾಮಾಣಿಕನು, ಸಾಯಬೇಕಾದಲ್ಲಿ ಪೂರ್ತಿಯಾಗಿ ಸಾಯುವನು. ಅವನನ್ನು ಬದುಕಿಸಲು ಹೊಸ ಕಥೆ ಹೊಸೆಯಬೇಕಾಗಿಲ್ಲ. ಮುಂದಿನ ಊರಿನ ಹಿರಿಯರು ಮೇಳಕ್ಕೆ ವೀಳ್ಯ ಕೊಟ್ಟರಾಯಿತು.