ಬಿನ್ನಿಪೇಟೆಯ ಗೋಡೆ ಮತ್ತು ಲಿನಕ್ಸ್ ಕರ್ನಲ್: ಒಂದು ನಿಷೇಧ ಮೀಮಾಂಸೆ

ಬರೆಯಲಾಗದ ಸಂಗ್ರಹ ಸಾಧನಗಳು ಎರಡು ಬಗೆ: ಹುಟ್ಟಾ ಬರೆಸಿಕೊಳ್ಳದವು, ಬರೆಯಬೇಡಿ ಎಂದು ಬರೆಸಿಕೊಂಡವು. ಅಚ್ಚೊತ್ತಿದ ಸಿ.ಡಿ. ಮೊದಲನೆಯದು, ಅದರ ವಿಷಯದಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ ನಿದ್ದೆ ಮಾಡಿದರೂ ನಷ್ಟವಿಲ್ಲ. ಶಾಸ್ತ್ರಕ್ಕೆ ಅನ್ನ ಹಾಕುವುದು ಎರಡನೆಯದು.

ಇದರ ಉತ್ತಮ ಮಾದರಿ ಬೆಂಗಳೂರಿನ ಬಿನ್ನಿಪೇಟೆಯ ಕಾಂಪೌಂಡ್ ಗೋಡೆ. 1884ರಲ್ಲಿ ಶುರುವಾದ ಬಟ್ಟೆ ಗಿರಣಿ ಹೋಗಿ ಅಪಾರ್ಟ್‌ಮೆಂಟ್ ಬಂದರೂ 'ಬರೆಯಬಾರದು, ಭಿತ್ತಿಪತ್ರ ಅಂಟಿಸಬಾರದು' ಎಂಬ ಸೂತ್ರ ಅಳಿಯಲಿಲ್ಲ. ಪೂರ್ವಪಕ್ಷ: ಗೋಡೆಯ ಮೇಲೆ ಬರೆಯಬಾರದೆಂದು ಗೋಡೆಯ ಮೇಲೇ ಬರೆದರೆ ನಿಷೇಧವೇ ನಿಷೇಧವನ್ನು ಮುರಿದಂತಲ್ಲವೇ? ಸಿದ್ಧಾಂತ: ಮೊದಲ ಬರಹಕ್ಕೆ ದೋಷವಿಲ್ಲ. ಪ್ರಮಾಣ ಲಿನಕ್ಸಿನಲ್ಲಿದೆ. ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಇಎಕ್ಸ್‌ಟಿ4 ಡಿಸ್ಕನ್ನು 'ಓದಲು ಮಾತ್ರ' ಎಂದು ಮೌಂಟ್ ಮಾಡಿದರೆ, ಅದು ಜರ್ನಲ್ ಎಂಬ ತನ್ನ ದಿನಚರಿಯಲ್ಲಿ ಉಳಿದದ್ದನ್ನು ಮೊದಲು ಡಿಸ್ಕಿಗೆ ಬರೆದು ಮುಗಿಸುತ್ತದೆ, ವ್ರತ ಆಮೇಲೆ. ಸಾಧನವೇ ಬರೆಯಗೊಡದಿದ್ದರೆ ಮೌಂಟೇ ಆಗುವುದಿಲ್ಲ. 'ನೋಲೋಡ್' ಎಂಬ ಅಪವಾದವನ್ನು ಉಚ್ಚರಿಸಿದವರಿಗೆ ಮಾತ್ರ ವಿನಾಯಿತಿ.

ನಿಷೇಧ ಎಲ್ಲಿ ನೆಲೆಸಿರುತ್ತದೆ? ವಸ್ತುವಿನಲ್ಲಂತೂ ಅಲ್ಲ. ಎಸ್‌ಡಿ ಕಾರ್ಡಿನ ಪಕ್ಕದ ಪುಟ್ಟ ಜಾರುಗುಂಡಿಗೂ ಒಳಗಿನ ಚಿಪ್ಪಿಗೂ ಮಾತುಕತೆಯೇ ಇಲ್ಲ. ಕಾರ್ಡ್ ರೀಡರ್ ಅದನ್ನು ನೋಡಬೇಕು, ನೋಡಿದ್ದನ್ನು ಹೇಳಬೇಕು, ಕರ್ನಲ್ ಕೇಳಬೇಕು. ಗೋಡೆಯ ಪರವಾಗಿಯೂ 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ. ಮೈದಾ ಅಂಟು ಅದನ್ನು ಓದಿಲ್ಲ.

ಆದ್ದರಿಂದ ಕಾವಲು ಬಾಗಿಲಲ್ಲೇ ಬೇಕು. ಓದು-ಮಾತ್ರ ಕಡತವ್ಯವಸ್ಥೆಯ ಫೈಲನ್ನು ಬರೆಯಲೆಂದು ತೆರೆಯಹೋದವರಿಗೆ ಅಲ್ಲೇ 30ನೇ ನಂಬರಿನ ದೋಷ, ಇಆರ್‌ಒಎಫ್‌ಎಸ್, ಎದುರಾಗುತ್ತದೆ. ತೊಡಕು ಒಳಗಿದ್ದವರದ್ದು. 'ಬ್ಲಾಕ್‌ಡೆವ್' ಆಜ್ಞೆಯಿಂದ ಡಿಸ್ಕಿಗೆ ಓದು-ಮಾತ್ರ ಮುದ್ರೆ ಒತ್ತಿದರೂ, ಅದಕ್ಕೆ ಮುಂಚೆ ತೆರೆದು ಕೂತವರ ಮೇಲೆ ಮುದ್ರೆ ನಡೆಯದೆ ಹೋಗಬಹುದು. ಬೋರ್ಡು ಬರೆಯುವ ಮೊದಲೇ ಬಕೆಟ್ ಹಿಡಿದು ಏಣಿ ಹತ್ತಿದವನನ್ನು ಇಳಿಸುವ ವಿಧಿ ಯಾವ ಸ್ಮೃತಿಯಲ್ಲೂ ಸ್ಪಷ್ಟವಿಲ್ಲ.

ಈ ಕೊರತೆ ನೀಗಲು 2018ರಲ್ಲಿ ಕರ್ನಲಿನ ಬ್ಲಾಕ್ ಪದರದಲ್ಲೇ ಓದು-ಮಾತ್ರ ಸಾಧನಕ್ಕೆ ಬರುವ ಪ್ರತಿ ಬರಹವನ್ನೂ ತಡೆದು ತಿರಸ್ಕರಿಸುವ ನಿಯಮ ಬಂತು. ಆಗ ಡಿಸ್ಕಿನ ಜಾಗ ಹಂಚುವ ಎಲ್‌ವಿಎಂನ ಕೆಲವು ಹಳೆಯ ಸಲಕರಣೆಗಳು ಮುರಿದುಬಿದ್ದವು: ಓದು-ಮಾತ್ರ ಎಂದು ತಾವೇ ಸಾರಿದ ಸಾಧನಕ್ಕೆ ಅವು ಅದುವರೆಗೆ ಸದ್ದಿಲ್ಲದೆ ಬರೆಯುತ್ತಿದ್ದವು. ಬಳಕೆದಾರರ ಪ್ರೋಗ್ರಾಂ ಕೆಡಿಸುವುದು ಕರ್ನಲ್ ಲೋಕದಲ್ಲಿ ಮಹಾಪಾತಕ. ಅದೇ ವರ್ಷ ಕರ್ನಲಿನ ಜನಕ ಲಿನಸ್ ಟೋರ್ವಾಲ್ಡ್ಸ್ ನಿಯಮವನ್ನು ಎಚ್ಚರಿಕೆಗೆ ಇಳಿಸಿದರು: ಬರೆಯಲು ಬಿಡುವುದು, ಲಾಗಿನಲ್ಲಿ ಗೊಣಗುವುದು. ಈಚಿನ ಆವೃತ್ತಿಗಳಲ್ಲಿ ಆ ಗೊಣಗಾಟವೂ ಒಂದು ಪಾರ್ಟಿಷನ್ನಿಗೆ ಒಂದೇ ಸಲ. ಎರಡನೆಯ ಪೋಸ್ಟರಿನಿಂದಲೇ ಕಾವಲುಗಾರ ಮಾತಾಡುವುದಿಲ್ಲ.