ಹಿಡಿದದ್ದು ಬಿಡದ ಡ್ರಮ್ಮು

ಕಾರು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕನ್ನು ಕಟಕಟನೆ ಮೇಲಕ್ಕೆ ಎಳೆಯದಿದ್ದರೆ ನನಗೆ ನಿದ್ದೆ ಹತ್ತದು. ಸಾಗರದ ನಮ್ಮ ಮನೆಯಂಗಳ ಹಪ್ಪಳ ಒತ್ತುವ ಮಣೆಯಷ್ಟು ಮಟ್ಟ. ಅಲ್ಲಿಂದ ಕಾರು ಉರುಳಬೇಕಾದರೆ ಭೂಮಿಯೇ ಓರೆಯಾಗಬೇಕು. ಏನು ಮಾಡುವುದು, ಜಾಗ್ರತೆ ನಮ್ಮ ವಂಶದ ಕಾಯಿಲೆ. ಅಪ್ಪ ಬೀಗ ಹಾಕಿದ ಬಾಗಿಲನ್ನು ಮೂರು ಸಲ ಜಗ್ಗಿ ನೋಡುತ್ತಿದ್ದರು. ಒಮ್ಮೆ ಹಾಗೆ ಜಗ್ಗಿ ಚಿಲಕವೇ ಕೈಗೆ ಬಂದಿತ್ತು.

ಮೊಮ್ಮಗನ ನಾಮಕರಣಕ್ಕೆಂದು ಬೆಂಗಳೂರಿಗೆ ಹೋದವರು ಪುನರ್ವಸು, ಪುಷ್ಯ ಎರಡೂ ಮಳೆ ಕಳೆದು ಬಂದೆವು. ಕಾರು ಹೊರಡಿಸಿದರೆ ಎಡಗಡೆಯ ಹಿಂಚಕ್ರ ತಿರುಗಲೊಲ್ಲದು. ಕೊಟ್ಟಿಗೆ ಬಿಡಲೊಲ್ಲದ ಎಮ್ಮೆಯ ಕಾಲಿನಂತೆ ಅಂಗಳದ ಕೆಸರಲ್ಲಿ ಗೀರು ಎಳೆಯುತ್ತ ಬಂತು. ನಮ್ಮದು ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಕಾರಿನ ಕೀಲಿಕೈಯನ್ನು ಇಂದಿರಾ ಗಾಂಧಿಯವರೇ ಕೊಟ್ಟರಂತೆ. ನಮ್ಮದರ ಕೀಲಿಕೈ ಕೊಟ್ಟವನು ನನ್ನ ಷಡ್ಡಕ, ಅದೂ ಅರ್ಧ ಮನಸ್ಸಿನಿಂದ.

ಬ್ರೇಕ್ ಡ್ರಮ್ಮೆಂದರೆ ಚಕ್ರದ ಹಿಂದೆ ಕವುಚಿಟ್ಟ ಎರಕದ ಬೋಗುಣಿ. ಹೊಟ್ಟೆಯಲ್ಲಿ ಅರ್ಧಚಂದ್ರದಂಥ ಎರಡು ಶೂ. ಹ್ಯಾಂಡ್‌ಬ್ರೇಕ್ ಎಳೆದರೆ ಅಗಲಗೊಂಡು ಬೋಗುಣಿಯ ಒಳಗೋಡೆಗೆ ಒತ್ತಿ ನಿಲ್ಲುತ್ತವೆ. 1902ರಲ್ಲಿ ಇದನ್ನು ರೂಪಿಸಿದ ಫ್ರಾನ್ಸಿನ ಲೂಯಿ ರೆನೋ ಮಲೆನಾಡಿನ ಆಷಾಢ ಕಂಡವನಲ್ಲ. ಒತ್ತಿಕೊಂಡ ಶೂಗೂ ಕಬ್ಬಿಣಕ್ಕೂ ನಡುವೆ ತೇವ ಇಳಿದು, ತುಕ್ಕು ಹಿಡಿದು, ಎರಡೂ ಅಂಟಿಕೊಂಡಿದ್ದವು.

ಮೆಕ್ಯಾನಿಕ್ ಯಾಕೆ, ನಾನೇ ಬಿಚ್ಚುತ್ತೇನೆಂದು ಜಾಕಿ ಕೊಟ್ಟು ಚಕ್ರ ಕಳಚಿದೆ. ಅಪ್ಪನ ಅಂಬಾಸಿಡರಿನ ಡ್ರಮ್ಮಿಗೆ ಎರಡು ಸ್ಕ್ರೂ ಇದ್ದದ್ದು ನೆನಪಿತ್ತು. ಇದರಲ್ಲಿ ಹುಡುಕಿದರೆ ಒಂದೂ ಇಲ್ಲ. ಸ್ಕ್ರೂವೇ ಇಲ್ಲದ್ದು ಎಳೆದರೆ ಬಾರದೇ? ಬರಲಿಲ್ಲ. ಮರದ ಕೊಡತಿ ತಂದು ಬಡಿಯತೊಡಗಿದೆ. ಜಗಲಿಯಿಂದ ನಮ್ಮಾಕೆ, "ಏನ್ರೀ, ಚಂಡೆ ಜೋರಾಗಿದೆ. ಯಾವ ಮೇಳ ಸೇರ್ತೀರಿ?" ಎಂದಳು.

ಆಗ ಎತ್ತಿನಗಾಡಿಯ ಚಕ್ರ ನೆನಪಾಯಿತು. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ ನೀರು ಸುರಿದರೆ ಚುಂಯ್ ಎಂದು ಕುಗ್ಗಿ ಕಚ್ಚಿಕೊಳ್ಳುವುದು. ಕಾದರೆ ಹಿಗ್ಗುವುದಾದರೆ ಬಿಡಲೂಬೇಕಲ್ಲ ಎಂದು ಒಂದು ಚೊಂಬು ಬಿಸಿನೀರು ಹೊಯ್ದೆ. ಗೇಣಗಲದ ಡ್ರಮ್ಮನ್ನು 100 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೂ ಹಿಗ್ಗುವುದು ಮಿಲಿಮೀಟರಿನ ಐದನೇ ಒಂದು ಪಾಲು. ನನ್ನ ಸ್ನಾನದ ನೀರಿಗೆ ಅದು ಹಿಗ್ಗಲಿಲ್ಲ, ಬರೀ ಶುಭ್ರವಾಯಿತು.

ಮೆಕ್ಯಾನಿಕ್ ಬಂದ. ಕುಕ್ಕರಗಾಲಲ್ಲಿ ಕೂತು ನೋಡಿದ. "ಸಾರ್, ನಟ್ಟು ಬಿಚ್ಚಿದ್ರಾ?"

"ಯಾವ ನಟ್ಟು?"

ಡ್ರಮ್ಮಿನ ನಡುವಿನ ತಗಡಿನ ಟೋಪಿಯನ್ನು ಸ್ಕ್ರೂಡ್ರೈವರಿನಿಂದ ಮೀಟಿದ. ಒಳಗೆ ಗ್ರೀಸಿನಲ್ಲಿ ಮುಳುಗಿ ದಪ್ಪ ನಟ್ಟು, ಅಲುಗದಂತೆ ಅದಕ್ಕೊಂದು ಕಾಟರ್ ಪಿನ್ನು! ಈ ಕಾರಿನಲ್ಲಿ ಡ್ರಮ್ಮು, ಬೇರಿಂಗು ಎಲ್ಲ ಒಂದೇ ಕುಟುಂಬ. ಅಷ್ಟನ್ನೂ ಹಿಡಿದಿಟ್ಟ ಯಜಮಾನ ಈ ನಟ್ಟು. ಎರಡು ತಾಸು ನಾನು ಬಡಿದದ್ದು ಬೀಗ ಹಾಕಿದ ಬಾಗಿಲನ್ನು. ಅಪ್ಪನಾದರೂ ಮೂರೇ ಸಲ ಜಗ್ಗುತ್ತಿದ್ದರು.

ನಟ್ಟು ಬಿಚ್ಚಿದರೂ ಡ್ರಮ್ಮು ಬಿಡಲಿಲ್ಲ ಎಂದು ಹೇಳಲು ನನಗೆ ಸಂತೋಷವಾಗುತ್ತದೆ. ಆತ ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲಿಸಿದ. ಡ್ರಮ್ಮಿನ ಅಂಚನ್ನು ಸುತ್ತಲೂ ಟಕಟಕ ತಟ್ಟಿದ, ತೆಂಗಿನಕಾಯಿ ಒಡೆಯುವ ಮುಂಚೆ ತಟ್ಟುವಂತೆ. ಆಮೇಲೆ ಕಳಚಿದ ಚಕ್ರವನ್ನೇ ಮತ್ತೆ ಡ್ರಮ್ಮಿಗೆ ಏರಿಸಿ, ನಾಲ್ಕು ನಟ್ಟನ್ನು ಕೈಯಲ್ಲೇ ತಿರುಗಿಸಿ, ಟೈರಿನ ಎರಡೂ ಬದಿ ಹಿಡಿದು ಅತ್ತ ಇತ್ತ ಅಲುಗಿಸಿ ಎಳೆದ. ಕರ್ ಎಂದು ಡ್ರಮ್ಮು ಚಕ್ರದ ಜೊತೆಗೇ ಬಂತು. ಶೂ ಉಜ್ಜಿ ಉಜ್ಜಿ ಒಳಗೋಡೆ ಸವೆದು, ಬಾಯಂಚಿನಲ್ಲಿ ಸಣ್ಣ ದಿಂಡೊಂದು ಉಳಿದಿತ್ತು. ಶೂ ಅದಕ್ಕೂ ಸಿಕ್ಕಿಕೊಂಡಿತ್ತಂತೆ.

ಒಳಗಿನ ಕರಿ ಧೂಳು ಊದಲು ಬಾಗಿದೆ. "ಊದ್ಬೇಡಿ ಸಾರ್! ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರ್ಬಹುದು, ಎದೆಗೆ ಒಳ್ಳೇದಲ್ಲ" ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದ. ಹೊರಡುವಾಗ, ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಬೇಡ, ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ ಎಂದ.

ಕೊಡುತ್ತಿದ್ದೇನೆ. ಮಲಗುವ ಮುಂಚೆ ಕೊಡೆ ಹಿಡಿದು ಅಂಗಳಕ್ಕಿಳಿದು, ಕಲ್ಲನ್ನು ಮೂರು ಸಲ ಒದ್ದು ನೋಡಿ ಬರುತ್ತೇನೆ.